‘ಅಬೌಟ್’ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

‘ಮದುವೆಗೆ ಸುಮಾರು ಮಂದಿ ಬಂದಿದ್ರು.’ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ, ಗಂಗಾವತಿಯ ನನ್ನ ಸಂಜೆ ತರಗತಿಯಲ್ಲಿ ಪ್ರತಿ ಬ್ಯಾಚಿನಲ್ಲೂ ನಾಲ್ಕೈದು ಜನ ಹೀಗೆ ಬರೆಯುತ್ತಾರೆ: ‘ಅಬೌಟ್ ಪೀಪಲ್ ಕೇಮ್ ಟು ದ ವೆಡ್ಡಿಂಗ್.’ ಪದಗಳೆಲ್ಲ ಇವೆ, ಆದರೆ ವಾಕ್ಯ ನಿಲ್ಲುವುದಿಲ್ಲ. ಇಂಗ್ಲಿಷ್ ಬಲ್ಲವರು ಓದಿದರೆ ‘ಜನರ ಬಗ್ಗೆ ಮದುವೆಗೆ ಬಂದರು’ ಅನ್ನುವ ಹಾಗೆ ಕೇಳಿಸುತ್ತದೆ.

ಬರೆದವರು ದಡ್ಡರಲ್ಲ. ನಿಘಂಟಿನಲ್ಲಿ ‘ಅಬೌಟ್’ ಅಂದರೆ ‘ಸುಮಾರು, ಬಗ್ಗೆ’ ಅಂತಿದೆ. ಅವರು ಅದನ್ನು ನಂಬಿ ಹಾಗೇ ಇಟ್ಟಿದ್ದಾರೆ. ತೊಂದರೆ ಏನೆಂದರೆ, ನಮ್ಮ ‘ಸುಮಾರು’ ಮೂರು ಕೆಲಸ ಮಾಡುತ್ತದೆ. ಇಂಗ್ಲಿಷಿನ ‘ಅಬೌಟ್’ ಮಾಡುವ ಕೆಲಸಗಳೇ ಬೇರೆ. ಇವೆರಡೂ ಕೂಡುವುದು ಒಂದೇ ಒಂದು ಜಾಗದಲ್ಲಿ. ಆ ಜಾಗ ಗುರುತು ಹಿಡಿಯುವುದನ್ನು ಮೊದಲು ಕಲಿಯಬೇಕು.

ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸಂದರ್ಶನ ನಾಳೆ ಇದೆ ಅಂತ ನೇರ ಆರನೇ ಹಂತಕ್ಕೆ ಹಾರಿದವರು ಎರಡನೆಯದಕ್ಕೆ ವಾಪಸ್ ಬಂದಿದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಏನೇನು ಬೇಕು

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಧ್ವನಿ ರೆಕಾರ್ಡ್ ಮಾಡುವ ಮೊಬೈಲ್. ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಇದ್ದರೆ ಒಳ್ಳೆಯದು, ಮೊಬೈಲಿನಲ್ಲಿದ್ದರೂ ಸಾಕು. ಬರೀ ಅರ್ಥ ಕೊಟ್ಟು ಬಿಡುವ ನಿಘಂಟು ಈ ಪದಕ್ಕೆ ಸಾಲುವುದಿಲ್ಲ.

ದಿನಕ್ಕೆ ಅರ್ಧ ಗಂಟೆ ಕೊಡಿ. ಒಂದು ದಿನಕ್ಕೆ ಒಂದೇ ಹಂತ.

ಹಂತ 1: ಕನ್ನಡದಲ್ಲೇ ಮೂರು ಗುಂಪು ಮಾಡಿ

ಇಂಗ್ಲಿಷ್ ಪದ ಬಾಯಿಗೆ ಬರುವ ಮುಂಚೆ, ನೀವು ಹೇಳಬೇಕೆಂದಿರುವುದನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ. ಅದರಲ್ಲಿ ಯಾವ ಮಾತು ಇದೆ ನೋಡಿ.

ಲೆಕ್ಕ ಅಥವಾ ಅಳತೆಯ ಜೊತೆ ‘ಸುಮಾರು’, ‘ಅಂದಾಜು’, ‘ಒಂದು ಹತ್ತು ಜನ’ ಅಂತ ಬಂದರೆ ಅದು ಮೊದಲ ಗುಂಪು. ‘ಬಗ್ಗೆ’, ‘ಕುರಿತು’, ‘ವಿಚಾರ’ ಅಂತ ಬಂದರೆ ಎರಡನೆಯದು. ‘ಇನ್ನೇನು ಹೊರಡೋದರಲ್ಲಿದ್ದೆ, ಅಷ್ಟರಲ್ಲಿ ಫೋನ್ ಬಂತು’ ಅನ್ನುವಂಥದ್ದು ಮೂರನೆಯದು.

ನಿನ್ನೆ ಮನೆಯಲ್ಲಿ ಆಡಿದ ಮಾತುಗಳಲ್ಲೇ ಹದಿನೈದು ವಾಕ್ಯ ನೆನಪು ಮಾಡಿಕೊಂಡು ಬರೆಯಿರಿ, ಗುಂಪಿನ ಸಂಖ್ಯೆ ಹಾಕಿ. ಇವತ್ತು ಇಂಗ್ಲಿಷ್ ಬೇಡ. ಇದು ಸುಲಭ ಅನಿಸಬಹುದು. ಆದರೂ ಬಿಡಬೇಡಿ.

ಹಂತ 2: ‘ಸುಮಾರು’ವಿನ ಮೂರು ಅರ್ಥ ಬಿಡಿಸಿ

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಇಲ್ಲಿ. ಹಾಗಾಗಿ ಇಲ್ಲಿ ಎರಡು ದಿನ ನಿಂತರೂ ಪರವಾಗಿಲ್ಲ.

ಈ ಮೂರು ಮಾತು ನೋಡಿ:

‘ಸುಮಾರು ಐವತ್ತು ಮಂದಿ ಬಂದಿದ್ರು.’
‘ಸುಮಾರು ಮಂದಿ ಬಂದಿದ್ರು.’
‘ಅಡುಗೆ ಹೆಂಗಿತ್ತು?’ ‘ಸುಮಾರಿತ್ತು.’

ಮೊದಲನೆಯದರಲ್ಲಿ ‘ಸುಮಾರು’ ಅಂದರೆ ಐವತ್ತರ ಆಚೆ ಈಚೆ. ಎರಡನೆಯದರಲ್ಲಿ ‘ಸಾಕಷ್ಟು’, ‘ತುಂಬಾ’. ಮೂರನೆಯದರಲ್ಲಿ ‘ಅಷ್ಟಕ್ಕಷ್ಟೆ’. ಕನ್ನಡದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕಿವಿಯೇ ಹೇಳುತ್ತದೆ. ಆದರೆ ಇಂಗ್ಲಿಷಿಗೆ ಹೋಗುವಾಗ ಮೂರಕ್ಕೂ ಮೂರು ಬೇರೆ ಪದ ಬೇಕು.

ಮೊದಲನೆಯದಕ್ಕೆ ಮಾತ್ರ ‘ಅಬೌಟ್’: ‘ಅಬೌಟ್ ಫಿಫ್ಟಿ ಪೀಪಲ್ ಕೇಮ್.’ ಎರಡನೆಯದಕ್ಕೆ ‘ಕ್ವೈಟ್ ಎ ಲಾಟ್ ಆಫ್ ಪೀಪಲ್ ಕೇಮ್’ ಅಥವಾ ಸುಮ್ನೆ ‘ಮೆನಿ ಪೀಪಲ್ ಕೇಮ್’. ಮೂರನೆಯದಕ್ಕೆ ‘ಸೋ-ಸೋ’ ಅಥವಾ ‘ಇಟ್ ವಾಸ್ ಓಕೆ’.

‘ಸುಮಾರು ದಿನ ಆಯ್ತು ನಿನ್ನ ನೋಡಿ’ ಅನ್ನುವುದೂ ಇದೇ ಬಲೆ. ‘ಇಟ್ ಹ್ಯಾಸ್ ಬೀನ್ ಅಬೌಟ್ ಡೇಸ್’ ಅನ್ನಬಾರದು. ‘ಇಟ್ ಹ್ಯಾಸ್ ಬೀನ್ ಎ ಲಾಂಗ್ ಟೈಮ್’ ಅನ್ನಬೇಕು. ‘ಪರೀಕ್ಷೆ ಸುಮಾರಾಗಿ ಬರೆದೆ’ ಅಂದರೂ ಅಷ್ಟೆ, ಅಲ್ಲಿ ‘ಅಬೌಟ್’ಗೆ ಜಾಗವಿಲ್ಲ.

ಇದಕ್ಕೊಂದು ಪರೀಕ್ಷೆ ಇದೆ. ‘ಸುಮಾರು’ ಆದ ಮೇಲೆ ಬರುವ ಪದದ ಮೇಲೆ ಬೆರಳಿಡಿ. ಅಲ್ಲಿ ಲೆಕ್ಕವೋ ಅಳತೆಯೋ ಇದೆಯಾ? ಇದ್ದರೆ ‘ಅಬೌಟ್’. ಇಲ್ಲದಿದ್ದರೆ ಬೇರೆ ಪದ ಹುಡುಕಿ.

ಎಚ್ಚರ: ಲೆಕ್ಕ ಕೆಲವು ಸಲ ಅಡಗಿರುತ್ತದೆ. ‘ಅಬೌಟ್ ಎ ವೀಕ್’ ಅಂದರೆ ಸುಮಾರು ಒಂದು ವಾರ. ಆ ‘ಎ’ ಅನ್ನುವುದೇ ಇಲ್ಲಿ ‘ಒಂದು’. ‘ಅಬೌಟ್ ಆ್ಯನ್ ಅವರ್’, ‘ಅಬೌಟ್ ಹಾಫ್’ ಕೂಡ ಹಾಗೆಯೇ. ‘ಅಬೌಟ್ ವೀಕ್’ ಅಂತ ಬರೆದರೆ ಲೆಕ್ಕ ಬಿದ್ದುಹೋಯಿತು. ‘ಅಬೌಟ್ ದ ಸೇಮ್ ಏಜ್’, ‘ಅಬೌಟ್ ಮೈ ಹೈಟ್’ ಅನ್ನುವಲ್ಲಿ ಸಂಖ್ಯೆ ಇಲ್ಲ, ಆದರೆ ವಯಸ್ಸು, ಎತ್ತರ ಅನ್ನುವ ಅಳತೆ ಇದೆ. ಆದ್ದರಿಂದ ಅವೂ ಸರಿ.

ಹಂತ 3: ಸಂಖ್ಯೆಯ ಮುಂದೆ ಕೂರಿಸಿ

ಕನ್ನಡದಲ್ಲಿ ಈ ಪದ ಎಲ್ಲಿ ಬೇಕಾದರೂ ಕೂರುತ್ತದೆ. ‘ಸುಮಾರು ಹತ್ತು ಗಂಟೆಗೆ’ ಅಂತೀವಿ, ‘ಹತ್ತು ಗಂಟೆ ಸುಮಾರಿಗೆ’ ಅಂತಲೂ ಅಂತೀವಿ. ನಮ್ಮ ಕಡೆ ಎರಡನೆಯದೇ ಜಾಸ್ತಿ. ಅದಕ್ಕೇ ‘ಐ ವಿಲ್ ಕಮ್ ಟೆನ್ ಓಕ್ಲಾಕ್ ಅಬೌಟ್’ ಅಂತ ಬಂದುಬಿಡುತ್ತದೆ.

ಇಂಗ್ಲಿಷಿನಲ್ಲಿ ಅದರ ಜಾಗ ಸಂಖ್ಯೆಯ ಮುಂದೆಯೇ, ಸಂಖ್ಯೆಗೆ ಅಂಟಿಕೊಂಡೇ: ‘ಅಬೌಟ್ ಟೆನ್’.

‘ಅಟ್’, ‘ಫಾರ್’, ‘ಇನ್’, ‘ಬೈ’ ಅನ್ನುವ ಸಣ್ಣ ಪದಗಳೂ ಬೇಕಾದರೆ ಅವು ಇನ್ನೂ ಮುಂದೆ ಹೋಗುತ್ತವೆ. ‘ಅಟ್ ಅಬೌಟ್ ಟೆನ್’, ‘ಫಾರ್ ಅಬೌಟ್ ಟೂ ಅವರ್ಸ್’, ‘ಇನ್ ಅಬೌಟ್ ಎ ಮಂತ್’. ‘ಅಬೌಟ್ ಅಟ್ ಟೆನ್’ ತಪ್ಪು. ಕ್ರಮ ಹೀಗೆ: ಸಣ್ಣ ಪದ, ‘ಅಬೌಟ್’, ಸಂಖ್ಯೆ. ಇದನ್ನು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದುಕೊಳ್ಳಿ.

ಇನ್ನೊಂದು ತಪ್ಪು ನಮ್ಮ ‘ಒಂದು’ವಿನಿಂದ ಬರುತ್ತದೆ. ‘ಒಂದು ಹತ್ತು ಜನ ಇದ್ರು’ ಅಂದಾಗ ಆ ‘ಒಂದು’ ಲೆಕ್ಕವಲ್ಲ, ಅಂದಾಜು. ‘ಒನ್ ಟೆನ್ ಮೆಂಬರ್ಸ್ ವರ್ ದೇರ್’ ಅಂತ ಹೇಳಿದರೆ ಕೇಳಿದವರು ನೂರಾ ಹತ್ತು ಅಂದುಕೊಳ್ಳಬಹುದು. ‘ಅಬೌಟ್ ಟೆನ್ ಪೀಪಲ್’ ಅನ್ನಿ. (ಸಂಘದ ಸದಸ್ಯರಲ್ಲದಿದ್ದರೆ ‘ಮೆಂಬರ್ಸ್’ ಬೇಡ, ‘ಪೀಪಲ್’ ಸಾಕು. ಇದೂ ಪ್ರತಿ ಬ್ಯಾಚಿನಲ್ಲಿ ತಿದ್ದುವ ಮಾತು.)

ಇನ್ನು ‘ಐದಾರು’, ‘ಏಳೆಂಟು’. ಇವುಗಳಲ್ಲಿ ಅಂದಾಜು ಆಗಲೇ ಇದೆ. ‘ಫೈವ್ ಆರ್ ಸಿಕ್ಸ್’ ಅಂದರೆ ಮುಗಿಯಿತು.

ಹಂತ 4: ಸಂಖ್ಯೆಯನ್ನು ದುಂಡಗೆ ಮಾಡಿ

‘ಅಬೌಟ್’ ಇಟ್ಟ ಮೇಲೆ ಸಂಖ್ಯೆ ದುಂಡಗಿರಬೇಕು, ಅಂದರೆ ಹತ್ತಿರದ ಹತ್ತಕ್ಕೋ ನೂರಕ್ಕೋ ತಂದಿರಬೇಕು. ‘ಅಬೌಟ್ ಫಾರ್ಟಿ ಸೆವೆನ್ ಪಾಯಿಂಟ್ ಥ್ರೀ ಕಿಲೋಮೀಟರ್ಸ್’ ಅಂದರೆ ಕೇಳಿದವರಿಗೆ ಗೊಂದಲ. ಇಷ್ಟು ಕರಾರುವಾಕ್ಕಾಗಿ ಅಳೆದಿದ್ದರೆ ‘ಸುಮಾರು’ ಯಾಕೆ? ಅಳೆದಿಲ್ಲದಿದ್ದರೆ ಪಾಯಿಂಟ್ ಎಲ್ಲಿಂದ ಬಂತು?

ನಮ್ಮ ಸುತ್ತಲಿನ ಲೆಕ್ಕಗಳನ್ನೇ ಹಿಡಿದು ಅಭ್ಯಾಸ ಮಾಡಿ.

ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ. ಇಸವಿ ಹೇಳುವಾಗ ‘ಅಬೌಟ್’ ಬೇಡ, ಅದು ಖಚಿತ: ‘ಇಟ್ ವಾಸ್ ಬಿಲ್ಟ್ ಇನ್ ಇಲೆವೆನ್ ಟ್ವೆಲ್ವ್.’ ಎಷ್ಟು ಹಳೆಯದು ಅಂತ ಪ್ರವಾಸಿಯೊಬ್ಬರು ಕೇಳಿದರೆ ‘ಅಬೌಟ್ ನೈನ್ ಹಂಡ್ರೆಡ್ ಇಯರ್ಸ್ ಓಲ್ಡ್’ ಸರಿ.

ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ‘ಅಬೌಟ್ ಫೈವ್ ಹಂಡ್ರೆಡ್ ಸೆವೆಂಟಿ ಫೈವ್’ ಅನ್ನುವುದು ಅರ್ಧ ಅಂದಾಜು, ಅರ್ಧ ಲೆಕ್ಕ. ಖಚಿತ ಸಂಖ್ಯೆ ಹೇಳಬೇಕಾದರೆ ‘ಅಬೌಟ್’ ತೆಗೆಯಿರಿ. ಮಂಡಿ ನೋವಿರುವ ಅತಿಥಿಗೆ ಎಷ್ಟು ಹತ್ತಬೇಕು ಅಂತ ತಿಳಿಸುವುದಷ್ಟೇ ಆದರೆ ‘ಅಬೌಟ್ ಸಿಕ್ಸ್ ಹಂಡ್ರೆಡ್ ಸ್ಟೆಪ್ಸ್’ ಸಾಕು.

ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ವರದಿಯಲ್ಲಿ 1720 ಅಂತಲೇ ಬರೆಯಿರಿ. ಮಾತಿನಲ್ಲಿ ‘ಅಬೌಟ್ ಸೆವೆಂಟೀನ್ ಹಂಡ್ರೆಡ್ ಮೆಗಾವ್ಯಾಟ್ಸ್’ ನಡೆಯುತ್ತದೆ.

ತುಂಗಭದ್ರಾ ಅಣೆಕಟ್ಟಿನ ಗೇಟುಗಳು 33. ಇಲ್ಲಿ ‘ಅಬೌಟ್’ ಬೇಡವೇ ಬೇಡ. ಬೆರಳಿಟ್ಟು ಎಣಿಸಬಹುದಾದ, ಎಲ್ಲರಿಗೂ ಗೊತ್ತಿರುವ ಲೆಕ್ಕಕ್ಕೆ ‘ಅಬೌಟ್’ ಹಾಕಿದರೆ ಹೇಳುವವರಿಗೇ ತಿಳಿದಿಲ್ಲ ಅನ್ನುವ ಹಾಗೆ ಕಾಣುತ್ತದೆ. ‘ಐ ಹ್ಯಾವ್ ಅಬೌಟ್ ಟೂ ಸಿಸ್ಟರ್ಸ್’ ಅಂತ ಹುಡುಗನೊಬ್ಬ ಸಂದರ್ಶನದಲ್ಲಿ ಹೇಳಿ ಬಂದಿದ್ದ. ಗಾಬರಿಯಲ್ಲಿ ಬಾಯಿಗೆ ಬಂದ ಪದ ಅಷ್ಟೆ. ಆದರೆ ಎದುರಿಗೆ ಕೂತವರಿಗೆ ಅದು ಗೊತ್ತಾಗುವುದಿಲ್ಲವಲ್ಲ.

ಒಂದೇ ಅಂದಾಜನ್ನು ಎರಡು ಸಲ ಹೇಳುವುದು ಇನ್ನೊಂದು ತಪ್ಪು. ‘ಅಬೌಟ್ ಅಪ್ರಾಕ್ಸಿಮೇಟ್ಲಿ ಫಿಫ್ಟಿ’, ‘ಅಬೌಟ್ ಫಿಫ್ಟಿ ಆರ್ ಸೋ’, ‘ಅಬೌಟ್ ಟೆನ್ ಟು ಫಿಫ್ಟೀನ್’. ಮೂರರಲ್ಲೂ ಒಂದು ಪದ ಹೆಚ್ಚಾಗಿದೆ. ‘ಟೆನ್ ಟು ಫಿಫ್ಟೀನ್’ ಅಂದಾಗಲೇ ಆಚೆ ಈಚೆ ಹೇಳಿದಂತಾಯಿತು.

ಅಂದಾಜು ಸಲ್ಲದ ಕಡೆಗಳೂ ಇವೆ: ಬಿಲ್ಲು, ಅರ್ಜಿಯಲ್ಲಿ ವಯಸ್ಸು, ಔಷಧಿಯ ಪ್ರಮಾಣ, ಚೀಲದ ತೂಕ. ಭತ್ತದ ಚೀಲ 75 ಕೆ.ಜಿ. ಅಂತ ವ್ಯವಹಾರ ಆಗಿದ್ದರೆ ‘ಅಬೌಟ್ ಸೆವೆಂಟಿ ಫೈವ್’ ಅಂತ ಮೇಲ್ ಕಳಿಸಬೇಡಿ. ಆ ಒಂದು ಪದ ಹಿಡಿದು ತೂಕದ ಮೇಲೆ ತಕರಾರು ಬರಬಹುದು.

ಹಂತ 5: ಅಕ್ಕಪಕ್ಕದ ಪದಗಳ ಜೊತೆ ತೂಗಿ ನೋಡಿ

‘ಅಬೌಟ್’ ಅಂದರೆ ಎರಡೂ ಕಡೆ: ಸ್ವಲ್ಪ ಕಡಿಮೆಯೂ ಇರಬಹುದು, ಸ್ವಲ್ಪ ಜಾಸ್ತಿಯೂ ಇರಬಹುದು. ನಿಮ್ಮ ಮಾತಿನಲ್ಲಿ ಒಂದೇ ಕಡೆ ವಾಲಿದ್ದರೆ ಬೇರೆ ಪದ ಬೇಕು.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಇವತ್ತು 97 ಪ್ಯಾಂಟ್ ಹೊಲಿದಿದ್ದಾರೆ ಅಂದುಕೊಳ್ಳಿ. ‘ನೂರರ ಹತ್ತಿರ ಹತ್ತಿರ ಆಯ್ತು’ ಅನ್ನುತ್ತೀರಿ. ಅದು ‘ನಿಯರ್ಲಿ ಎ ಹಂಡ್ರೆಡ್’ ಅಥವಾ ‘ಆಲ್ಮೋಸ್ಟ್ ಎ ಹಂಡ್ರೆಡ್’. 104 ಆಗಿದ್ದರೆ ‘ನೂರರ ಮೇಲಾಯ್ತು’, ಅಂದರೆ ‘ಓವರ್ ಎ ಹಂಡ್ರೆಡ್’. ಇನ್ನೂ ಎಣಿಸಿಲ್ಲ, ಕಟ್ಟು ನೋಡಿ ಹೇಳುತ್ತಿದ್ದೀರಿ ಅಂದರೆ ‘ಅಬೌಟ್ ಎ ಹಂಡ್ರೆಡ್’.

‘ಅರೌಂಡ್’ ಅನ್ನುವುದು ಲೆಕ್ಕದ ಮಟ್ಟಿಗೆ ‘ಅಬೌಟ್’ನ ಅಣ್ಣತಮ್ಮ. ಮಾತಿನಲ್ಲಿ ಯಾವುದಾದರೂ ಸರಿ. ‘ಅಪ್ರಾಕ್ಸಿಮೇಟ್ಲಿ’ ವರದಿ, ಟೆಂಡರ್, ಪ್ರಾಜೆಕ್ಟ್ ಪುಸ್ತಕಕ್ಕೆ ಹೊಂದುತ್ತದೆ. ಸ್ನೇಹಿತರಿಗೆ ‘ಐ ವಿಲ್ ಕಮ್ ಅಟ್ ಅಪ್ರಾಕ್ಸಿಮೇಟ್ಲಿ ಸೆವೆನ್’ ಅಂದರೆ ಗಟ್ಟಿ ಅನಿಸುತ್ತದೆ. ‘ರಫ್ಲಿ’ ಅಂದರೆ ಇನ್ನೂ ಸಡಿಲ ಅಂದಾಜು. ನನ್ನ ಸಲಹೆ ಕೇಳಿದರೆ, ಮೊದಲ ಆರು ತಿಂಗಳು ‘ಅಬೌಟ್’, ‘ನಿಯರ್ಲಿ’, ‘ಓವರ್’ ಮೂರೇ ಸಾಕು. ಇವು ಕೈಗೆ ಹತ್ತಿದ ಮೇಲೆ ಉಳಿದವು.

ಹಂತ 6: ‘ಬಗ್ಗೆ’ ಗುಂಪನ್ನು ಜರಡಿ ಹಿಡಿಯಿರಿ

ಈಗ ಎರಡನೇ ಗುಂಪು. ಇಲ್ಲಿ ತಪ್ಪು ಉಲ್ಟಾ ದಿಕ್ಕಿನಿಂದ ಬರುತ್ತದೆ. ಕನ್ನಡದಲ್ಲಿ ‘ಬಗ್ಗೆ’ ಇದೆ ಅಂತ ಇಂಗ್ಲಿಷಿನಲ್ಲೂ ‘ಅಬೌಟ್’ ತುರುಕುತ್ತೇವೆ.

‘ಸಂಬಳದ ಬಗ್ಗೆ ಚರ್ಚಿಸಿದೆವು’ ಅಂದರೆ ‘ವಿ ಡಿಸ್ಕಸ್ಡ್ ದ ಸ್ಯಾಲರಿ’. ‘ಡಿಸ್ಕಸ್ಡ್ ಅಬೌಟ್’ ಅಲ್ಲ. ‘ಮೆನ್ಷನ್’, ‘ಡಿಸ್ಕ್ರೈಬ್’ ಕೂಡ ಹಾಗೇ, ನೇರವಾಗಿ ವಿಷಯಕ್ಕೆ ಹೋಗುತ್ತವೆ. ಆದರೆ ‘ಟಾಕ್’, ‘ಸ್ಪೀಕ್’, ‘ಥಿಂಕ್’, ‘ಕಂಪ್ಲೇನ್’, ‘ವರಿ’ ಇವುಗಳಿಗೆ ವಿಷಯ ಹೇಳಬೇಕಾದರೆ ‘ಅಬೌಟ್’ ಬೇಕು. ವಿಚಿತ್ರ ಅಂದರೆ, ‘ಡಿಸ್ಕಸ್’ಗೆ ‘ಅಬೌಟ್’ ಬೇಡ, ಅದೇ ‘ಡಿಸ್ಕಷನ್’ ಆದರೆ ಬರುತ್ತದೆ: ‘ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ದ ಸ್ಯಾಲರಿ.’ ಇದಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ. ಎರಡು ಕಾಲಂ ಮಾಡಿ, ‘ಬೇಕು’ ಒಂದು ಬಣ್ಣ, ‘ಬೇಡ’ ಇನ್ನೊಂದು ಬಣ್ಣ, ದಿನಾ ಓದಿ.

ಸಂದರ್ಶನಕ್ಕೆ ಹೋಗುವವರು ಇದನ್ನು ಖಂಡಿತ ನೋಡಿಕೊಳ್ಳಿ. ‘ಟೆಲ್ ಅಬೌಟ್ ಯುವರ್‌ಸೆಲ್ಫ್’ ಅಂತ ಬಹಳ ಜನ ಹೇಳುತ್ತಾರೆ. ‘ಟೆಲ್’ ಆದ ಮೇಲೆ ಯಾರಿಗೆ ಅನ್ನುವುದು ಬರಬೇಕು: ‘ಟೆಲ್ ಮೀ ಅಬೌಟ್ ಯುವರ್‌ಸೆಲ್ಫ್.’ ನೀವು ಉತ್ತರ ಕೊಡುವಾಗಲೂ ಅಷ್ಟೆ: ‘ಐ ವಿಲ್ ಟೆಲ್ ಯೂ ಅಬೌಟ್ ಮೈ ಪ್ರಾಜೆಕ್ಟ್.’

‘ಐ ನೋ ಹಿಮ್’ ಅಂದರೆ ಅವರ ಪರಿಚಯ ನನಗಿದೆ. ‘ಐ ನೋ ಅಬೌಟ್ ಹಿಮ್’ ಅಂದರೆ ಅವರ ವಿಚಾರ ಕೇಳಿದ್ದೇನೆ, ಭೇಟಿ ಆಗಿರಬೇಕೆಂದಿಲ್ಲ. ಮೇಲಧಿಕಾರಿಯ ಎದುರು ಎರಡನೆಯದನ್ನು ಹೇಳಿದರೆ, ನಿಮಗೆ ಏನೋ ಗುಟ್ಟು ಗೊತ್ತಿದೆ ಅಂತಲೂ ಅರ್ಥ ಬರಬಹುದು.

ಹಂತ 7: ಎರಡು ಅರ್ಥ ಡಿಕ್ಕಿ ಹೊಡೆಯುವ ಜಾಗ

‘ವಿ ಟಾಕ್ಡ್ ಅಬೌಟ್ ಟೂ ಅವರ್ಸ್.’ ಏನರ್ಥ? ‘ಸುಮಾರು ಎರಡು ಗಂಟೆ ಮಾತಾಡಿದೆವು’ ಅಂತ ನಿಮ್ಮ ಮನಸ್ಸಿನಲ್ಲಿದೆ. ಕೇಳಿದವರು ‘ಎರಡು ಗಂಟೆಯ ವಿಚಾರ ಮಾತಾಡಿದರು’ ಅಂದುಕೊಳ್ಳಬಹುದು. ‘ಟಾಕ್’ಗೆ ‘ಅಬೌಟ್’ ಅಂಟಿಕೊಳ್ಳುವ ಚಾಳಿ ಇದೆ, ಅದಕ್ಕೇ ಹೀಗೆ.

ಬಿಡಿಸುವುದು ಹೇಗೆ? ನಡುವೆ ‘ಫಾರ್’ ಇಡಿ: ‘ವಿ ಟಾಕ್ಡ್ ಫಾರ್ ಅಬೌಟ್ ಟೂ ಅವರ್ಸ್.’ ಈಗ ಅನುಮಾನವಿಲ್ಲ.

‘ಐ ರೆಡ್ ಅಬೌಟ್ ಟೆನ್ ಬುಕ್ಸ್’ ಅನ್ನುವುದೂ ಎರಡು ಕಡೆ ಹೋಗುತ್ತದೆ. ಹತ್ತು ಪುಸ್ತಕಗಳನ್ನು ಓದಿದಿರಾ, ಹತ್ತು ಪುಸ್ತಕಗಳ ಬಗ್ಗೆ ಓದಿದಿರಾ? ಇಲ್ಲಿ ‘ಫಾರ್’ ಕೆಲಸಕ್ಕೆ ಬಾರದು. ‘ಅಬೌಟ್’ ತೆಗೆದು ‘ರಫ್ಲಿ’ ಹಾಕಿ. ‘ಟಾಕ್’, ‘ಥಿಂಕ್’, ‘ರೀಡ್’, ‘ರೈಟ್’, ‘ಆಸ್ಕ್’ ಆದ ತಕ್ಷಣ ‘ಅಬೌಟ್’ ಮತ್ತು ಸಂಖ್ಯೆ ಬಂದರೆ ನಿಂತು ಇನ್ನೊಮ್ಮೆ ಓದಿ.

ಹಂತ 8: ‘ಇನ್ನೇನು’ ಗುಂಪು

‘ಇನ್ನೇನು ಮನೆಯಿಂದ ಹೊರಡೋದರಲ್ಲಿದ್ದೆ, ಮಳೆ ಬಂತು.’ ಇಂಗ್ಲಿಷಿನಲ್ಲಿ ‘ಐ ವಾಸ್ ಅಬೌಟ್ ಟು ಲೀವ್ ವೆನ್ ಇಟ್ ಸ್ಟಾರ್ಟೆಡ್ ರೇನಿಂಗ್.’

ಇಲ್ಲಿ ನಾಲ್ಕು ಪದ ಒಟ್ಟಿಗೆ ಹೋಗಬೇಕು: ‘ಆ್ಯಮ್/ಈಸ್/ಆರ್/ವಾಸ್/ವರ್’ಗಳಲ್ಲಿ ಒಂದು, ‘ಅಬೌಟ್’, ‘ಟು’, ಆಮೇಲೆ ಕ್ರಿಯಾಪದದ ಮೂಲ ರೂಪ. ‘ಐ ಅಬೌಟ್ ಟು ಲೀವ್’ ಅಂದರೆ ಮೊದಲನೆಯದು ಬಿಟ್ಟುಹೋಗಿದೆ. ‘ಐ ವಾಸ್ ಅಬೌಟ್ ಟು ಲೀವಿಂಗ್’ ಅಂದರೆ ಕೊನೆಯದು ಕೆಟ್ಟಿದೆ.

ಇದು ಈ ಗಳಿಗೆಯ ಮಾತು. ‘ಐ ಆ್ಯಮ್ ಅಬೌಟ್ ಟು ಗೋ ಟು ಬೆಂಗಳೂರು ನೆಕ್ಸ್ಟ್ ವೀಕ್’ ಅನ್ನಬೇಡಿ. ಮುಂದಿನ ವಾರ ಹೋಗುವುದಕ್ಕೆ ‘ಐ ಆ್ಯಮ್ ಗೋಯಿಂಗ್’ ಇದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ‘ಅಬೌಟ್ ಟು’.

‘ನಾಟ್ ಅಬೌಟ್ ಟು’ ಅಂದರೆ ಮಾತ್ರ ಜೋಪಾನ. ‘ಐ ಆ್ಯಮ್ ನಾಟ್ ಅಬೌಟ್ ಟು ಸೈನ್’ ಅಂದರೆ ‘ಈಗ ಸಹಿ ಹಾಕುತ್ತಿಲ್ಲ’ ಅಂತಲ್ಲ, ‘ಹಾಕೋದೇ ಇಲ್ಲ’ ಅಂತ. ಇಷ್ಟು ಗಡುಸು ಬೇಡವಾದರೆ ಬಳಸಬೇಡಿ.

‘ಹೌ ಅಬೌಟ್ ಟೀ?’, ‘ವಾಟ್ ಅಬೌಟ್ ಯೂ?’ ಇವನ್ನು ಇಡೀ ತುಂಡಾಗಿಯೇ ಕಲಿಯಿರಿ. ಮೊದಲನೆಯದು ‘ಟೀ ಕುಡಿಯೋಣ್ವಾ?’, ಎರಡನೆಯದು ‘ನಿಮ್ಮದು ಹೇಗೆ?’. ಶಾಲೆಯ ಡ್ರಿಲ್ಲಿನ ‘ಅಬೌಟ್ ಟರ್ನ್’ ನಿಮಗೆ ಗೊತ್ತೇ ಇದೆ. ಅಲ್ಲಿ ಅದು ಹಿಂದಕ್ಕೆ ತಿರುಗುವ ಮಾತು, ಈ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 9: ಬಾಯಿಬಿಟ್ಟು ಹೇಳಿ, ಕೇಳಿ

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ‘ಅಬೌಟ್’ನಲ್ಲಿ ಮೊದಲ ‘ಅ’ ಹಗುರ, ಒತ್ತು ‘ಬೌಟ್’ ಮೇಲೆ. ‘ಎಬೋಟ್’ ಅಂತಾಗಬಾರದು. ಸಂಖ್ಯೆ ಜೊತೆ ಹೇಳುವಾಗ ನಡುವೆ ನಿಲ್ಲಿಸಬೇಡಿ, ‘ಅಬೌಟ್‌ಟೆನ್’ ಅಂತ ಒಂದೇ ಉಸಿರಿಗೆ ಬರಲಿ.

ಕೇಳುವಾಗ ಈ ಲಕ್ಷಣಗಳು ಕಂಡರೆ ಎಲ್ಲೋ ತಪ್ಪಿದೆ ಅಂತ ತಿಳಿಯಿರಿ: ‘ಅಬೌಟ್’ ವಾಕ್ಯದ ಕೊನೆಗೆ, ಸಂಖ್ಯೆ ಆದ ಮೇಲೆ ಬಂದಿದೆ; ಅದಾದ ಮೇಲೆ ಲೆಕ್ಕವೂ ಇಲ್ಲ, ವಿಷಯವೂ ಇಲ್ಲ; ಒಂದೇ ನಿಮಿಷದಲ್ಲಿ ಐದಾರು ಸಲ ಕೇಳಿಸುತ್ತಿದೆ. ಕೊನೆಯದು ಸಾಮಾನ್ಯವಾಗಿ ಭಯದ ಲಕ್ಷಣ. ಉತ್ತರ ಖಚಿತವಾಗಿ ಗೊತ್ತಿದ್ದರೂ ತಪ್ಪಾದೀತು ಅಂತ ‘ಅಬೌಟ್’ ಹಿಂದೆ ಅಡಗುತ್ತೇವೆ. ಗೊತ್ತಿರುವುದನ್ನು ಧೈರ್ಯವಾಗಿ ಬರೀ ಸಂಖ್ಯೆಯಲ್ಲಿ ಹೇಳಿ.

ಈ ಐದು ವಾಕ್ಯ ನೀವೇ ಮಾಡಿ, ಆಮೇಲೆ ಕೆಳಗೆ ನೋಡಿ.

1. ಬಳ್ಳಾರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್ ಮೇಲಾಗುತ್ತದೆ.
2. ಜಾತ್ರೆಗೆ ಸುಮಾರು ಅಂಗಡಿ ಬಂದಿದ್ವು.
3. ರಜೆಯ ಬಗ್ಗೆ ಮ್ಯಾನೇಜರ್ ಹತ್ತಿರ ಚರ್ಚೆ ಮಾಡಿದೆ.
4. ಎಂಟು ಗಂಟೆ ಸುಮಾರಿಗೆ ಅಂಗಡಿ ಇನ್ನೇನು ಮುಚ್ಚೋದರಲ್ಲಿದ್ರು.
5. ಅರ್ಧ ಗಂಟೆ ಸುಮಾರು ಯೋಚನೆ ಮಾಡಿದೆ.

ಒಂದನೆಯದಕ್ಕೆ ‘ಓವರ್ ಥ್ರೀ ಹಂಡ್ರೆಡ್ ಕಿಲೋಮೀಟರ್ಸ್’, ‘ಅಬೌಟ್’ ಬೇಡ. ಎರಡನೆಯದಕ್ಕೆ ‘ಕ್ವೈಟ್ ಎ ಲಾಟ್ ಆಫ್ ಶಾಪ್ಸ್’. ಮೂರನೆಯದು ‘ಐ ಡಿಸ್ಕಸ್ಡ್ ಮೈ ಲೀವ್ ವಿತ್ ದ ಮ್ಯಾನೇಜರ್’. ನಾಲ್ಕನೆಯದರಲ್ಲಿ ‘ಅಬೌಟ್’ ಎರಡು ಸಲ ಬರಬಹುದು: ‘ಅಟ್ ಅಬೌಟ್ ಎಯ್ಟ್ ಓಕ್ಲಾಕ್ ದೇ ವರ್ ಅಬೌಟ್ ಟು ಕ್ಲೋಸ್ ದ ಶಾಪ್.’ ತಪ್ಪಲ್ಲ, ಆದರೆ ಮೊದಲನೆಯದನ್ನು ‘ಅರೌಂಡ್ ಎಯ್ಟ್’ ಮಾಡಿದರೆ ಕಿವಿಗೆ ಹಿತ. ಐದನೆಯದಕ್ಕೆ ‘ಐ ಥಾಟ್ ಅಬೌಟ್ ಹಾಫ್ ಆ್ಯನ್ ಅವರ್’ ಅಂತ ಬರೆದಿದ್ದರೆ ಏಳನೇ ಹಂತಕ್ಕೆ ಹೋಗಿ, ‘ಫಾರ್’ ಎಲ್ಲಿ ಬಿಟ್ಟಿರಿ ನೋಡಿ.